ಇಂಗಿನ ವಾಸನೆ ಬಾರದ ಬೆಳಿಗ್ಗೆ

ನಾನು ಮಾಸ್ಕು ಹಾಕಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮರ್ಯಾದೆಗೆಂದು ಯಾರೂ ಮುಚ್ಚಿಡುವುದು ಬೇಡ.

ವಡೋದರದ ಫತೇಗಂಜಿನಲ್ಲಿ ನಮ್ಮದೊಂದು ಸಣ್ಣ ಇಡ್ಲಿ ಹೋಟೆಲು. ಊರು ಉಡುಪಿ ಕಡೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಆದರೆ ಮದುವೆಯಾಗಿ ಬಂದಾಗಿನಿಂದ ಸಾಂಬಾರು ನನ್ನದೇ. ನಮ್ಮಲ್ಲಿ ಮೊದಲ ಸೌಟು ದೇವರಿಗೆ. ಅದಕ್ಕೆ ಮುಂಚೆ ನಾಲಿಗೆಗೆ ಇಟ್ಟು ನೋಡುವಂತಿಲ್ಲ. ಉಪ್ಪು, ಹುಳಿ, ಇಂಗು ಎಲ್ಲಾ ಆವಿಯಲ್ಲೇ ತಿಳಿಯಬೇಕು. ಅಂಥ ಮೂಗಿಗೆ ಬಟ್ಟೆ ಕಟ್ಟು ಎಂದರೆ? "ಕಣ್ಣು ಕಟ್ಟಿಕೊಂಡು ರಸ್ತೆ ದಾಟು ಅಂದ ಹಾಗಾಯ್ತು" ಎಂದು ಮಗನ ಬಾಯಿ ಮುಚ್ಚಿಸಿದೆ.

ಪಾತ್ರೆ ತೊಳೆಯುವ ಹೆಂಗಸು ಮಾತ್ರ ಬಿಡಲಿಲ್ಲ. ಅವಳ ಗಂಡ ಅಹಮದಾಬಾದಿನ ವಟ್ವಾದಲ್ಲಿ ಬಣ್ಣದ ಕಾರ್ಖಾನೆಯಲ್ಲಿ ದುಡಿದು, ಎದೆ ಹಾಳುಮಾಡಿಕೊಂಡು ಮನೆಯಲ್ಲಿ ಕೂತವನು.

"ಬಾ, ನಿಮಗೋಸ್ಕರ ಬೇಡ. ಅವರಿಗೋಸ್ಕರ ಹಾಕಿ," ಅಂದಳು. ಇಲ್ಲಿ ವಯಸ್ಸಾದ ಹೆಂಗಸರನ್ನು ಬಾ ಅನ್ನುತ್ತಾರೆ.

"ನಿನ್ನ ಗಂಡ ನನ್ನ ಸಾಂಬಾರಿನೊಳಗೆ ಕೂತಿದ್ದಾನಾ? ನನ್ನ ಮುಖ, ನನ್ನಿಷ್ಟ."

ಅವಳು ತನ್ನ ಮಾಸ್ಕಿನ ಲಾಡಿ ಇನ್ನಷ್ಟು ಬಿಗಿದುಕೊಂಡು ಪಾತ್ರೆ ಉಜ್ಜಿದಳು.

ಕೊರೋನಾ ಅಂತ ಬರೀ ಪಾರ್ಸೆಲ್ ಕೊಡುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಇಂಗು ಹಾಕಿದೆ, ವಾಸನೆ ಬರಲಿಲ್ಲ. ಅಂಗಡಿಯವನು ಹಳೇ ಮಾಲು ಕೊಟ್ಟಿದ್ದಾನೆಂದು ಬೈದು ಇನ್ನಷ್ಟು ಹಾಕಿದೆ. ಆಗಲೂ ಇಲ್ಲ. ಮತ್ತೆ ಹಾಕಿದೆ. ದೇವರಿಗಿಟ್ಟ ಮೇಲೆ ಮಗ ಒಂದು ಗುಟುಕು ಕುಡಿದು ಸಿಂಕಿಗೆ ಓಡಿದ.

"ಅಮ್ಮಾ, ಇದೆಂಥದು, ಬಾಣಂತಿ ಕಷಾಯವಾ?"

ಡಬ್ಬಿಯನ್ನೇ ಮೂಗಿಗೆ ಹಿಡಿದೆ. ಜ್ವರವಿಲ್ಲ, ಕೆಮ್ಮಿಲ್ಲ, ಇಂಗೂ ಇಲ್ಲ. ತಿರುಗಿದರೆ ಅವಳು ಎರಡು ಮಾರು ದೂರದಲ್ಲಿ, ಕೈತುಂಬ ಸೋಪಿನ ನೊರೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ತಿಳಿಯಿತು.

ಹೋಟೆಲು ಮುಚ್ಚಿದೆವು. ಅವಳು ಮನೆಯೊಳಗೆ ಕಾಲಿಡದೆ ಹೊರಗೆ ಮಲಗಿದಳಂತೆ. ಗಂಡನ ತಟ್ಟೆಯನ್ನು ಹೊಸ್ತಿಲಾಚೆಯಿಂದ ತಳ್ಳುತ್ತಿದ್ದಳಂತೆ. ದಿನಾ ಮಗನ ಕೈಯಲ್ಲಿ ಫೋನು ಮಾಡಿಸಿದೆ. "ಅವನು ಸರಿಯಾಗಿ ಉಸಿರಾಡ್ತಿದ್ದಾನಾ ಕೇಳು," ಅಷ್ಟೇ. ಕ್ಷಮೆಗಿಮೆ ಕೇಳಲಿಲ್ಲ. ಅವನು ಸತ್ತರೆ ನನ್ನ ಕ್ಷಮೆ ಕಟ್ಟಿಕೊಂಡು ಅವಳೇನು ಮಾಡುತ್ತಾಳೆ?

ಅವನಿಗೆ ಏನೂ ಆಗಲಿಲ್ಲ. ಅವಳು ಬಿಗಿದುಕೊಂಡ ಲಾಡಿಯೇ ಕಾಯಿತು ಎಂದು ನಾನು ನಂಬಿದ್ದೇನೆ. ನನ್ನಿಷ್ಟವಂತೂ ಕಾಯಲಿಲ್ಲ.

ವಾಪಸು ಬಂದವಳು ಬಾಗಿಲಲ್ಲೇ ನಿಂತು, "ಈಗ ಹಾಕ್ತೀರಾ ಬಾ, ಇಲ್ಲ ಮೂಗಿಗೆ ಇನ್ನೂ ಕೆಲಸ ಇದೆಯಾ?" ಅಂದಳು. ಹಾಕಿಕೊಂಡೆ. ಈಗ ಎಲ್ಲರೂ ಬಿಟ್ಟಿದ್ದಾರೆ, ಆದರೂ ನೆಗಡಿಯಾದ ದಿನ ಹಾಕುತ್ತೇನೆ. ನಗುವವರು ನಗಲಿ, ನಾನೂ ನಕ್ಕವಳೇ.

ಮೂಗು ಪೂರ್ತಿ ಮರಳಲಿಲ್ಲ. ಹಾಗಾಗಿ ಸಾಂಬಾರು ಕುದಿದಾಗ ಮೊದಲು ಅವಳ ಅಂಗೈಗೆ ನಾಲ್ಕು ಹನಿ. ಅವಳು ರುಚಿ ನೋಡಿ ತಲೆಯಾಡಿಸಿದ ಮೇಲೇ ದೇವರಿಗೆ. ಮಗ, "ಅಮ್ಮಾ, ದೇವರಿಗಿಂತ ಮುಂಚೆ ಅವಳಿಗಾ..." ಎಂದು ರಾಗ ಎಳೆದ.

"ಬೇಡ ಅಂತಾದರೆ ದೇವರೇ ನನಗೆ ಹೇಳಲಿ. ನೀನು ನಡುವೆ ಬರಬೇಡ," ಎಂದೆ.

ಇದುವರೆಗೆ ಹೇಳಿಲ್ಲ.