ನವದ್ವೀಪಕ್ಕೆ ಬರೆದ ಓಲೆ

ನಾಗಮಂಗಲದ ಕಂಚುಗಾರರ ಕೇರಿಯಲ್ಲಿ ನಮ್ಮದೂ ಒಂದು ಕುಲುಮೆ. ಅಪ್ಪ ತೀರಿಕೊಂಡ ಮೇಲೆ ಕೆಲಸವನ್ನೆಲ್ಲ ಅಣ್ಣ ನಡೆಸುತ್ತಿದ್ದ. ನಾನು ಮೇಣದ ಅಚ್ಚು ತಿದ್ದುತ್ತಿದ್ದೆ. ನನಗೆ ಇಪ್ಪತ್ತು ತುಂಬುವ ಮೊದಲು ಒಂದು ದಿನ ಅಗ್ರಹಾರದ ವೃದ್ಧ ಪಂಡಿತರೊಬ್ಬರು ಬುಡ ಮುರಿದ ದೀಪವೊಂದನ್ನು ತಂದು, ಇದನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯಿರಿ ಎಂದರು. ಹದಿನೈದು ದಿನ ಬಿಟ್ಟು ಬಂದವರು ಹೊಸ ದೀಪವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ಮ ಅಜ್ಜಿಯ ದೀಪವೇ ಏನಯ್ಯಾ?" ಎಂದು ಕೇಳಿದರು.

ಅಣ್ಣನಿಗೆ ಸಿಟ್ಟು ಬಂತು. ಕಂಚು ಕದ್ದೆವೆಂದು ಹೇಳುತ್ತಿದ್ದಾರೆ ಅಂದುಕೊಂಡ. ನಾನು ಅಚ್ಚು ತಿದ್ದುತ್ತಾ ಕೂತಲ್ಲಿಂದಲೇ, "ಕಂಚು ಅಜ್ಜೀದು ಬುದ್ಧಿ, ದೀಪ ನಮ್ದು" ಎಂದುಬಿಟ್ಟೆ.

ಅವರು ನನ್ನತ್ತ ತಿರುಗಿದರು. "ಹಾಗಾದ್ರೆ ನಾನು ಮನೆಗೆ ತಗೊಂಡು ಹೋಗ್ತಿರೋದು ಯಾವುದನ್ನ?"

ಆ ಪ್ರಶ್ನೆ ವಾರವೆಲ್ಲ ನನ್ನ ತಲೆ ಬಿಡಲಿಲ್ಲ. ಕೊನೆಗೆ ಅವರ ಜಗುಲಿಯ ಮುಂದೆ ಹೋಗಿ ನಿಂತೆ. ಹೀಗೆ ನನ್ನ ತರ್ಕದ ಪಾಠ ಶುರುವಾಯಿತು. ಬೆಳಿಗ್ಗೆ ಕುಲುಮೆ, ಹೊತ್ತು ಇಳಿದ ಮೇಲೆ ಜಗುಲಿ. ಅವರು ಒಳಗಿನ ಹೊಸ್ತಿಲ ಬಳಿ, ನಾನು ಜಗುಲಿಯ ಅಂಚಿನಲ್ಲಿ. ಆರು ವರ್ಷ ಹಾಗೆಯೇ ಕಲಿತೆ. ಆರನೆಯ ವರ್ಷ ಒಂದು ಸಂಜೆ ಅವರು ಪುಸ್ತಕದ ಕಟ್ಟನ್ನು ಮುಚ್ಚಿ, "ನನ್ನ ಬಾವಿ ಇಷ್ಟೇ ಆಳ ಕಣಪ್ಪಾ. ಇನ್ನು ಸೇದಿದ್ರೆ ಮಣ್ಣು ಬರುತ್ತೆ" ಎಂದರು.

ಮುಂದಕ್ಕೆ ಓದಬೇಕಾದರೆ ದೊಡ್ಡ ಗುರುಗಳಿರುವ ಊರಿಗೆ ಹೋಗಬೇಕು. ಅವರೊಡನೆ ಎಂಟೋ ಹತ್ತೋ ವರ್ಷ ಇದ್ದು, ಸಭೆಯಲ್ಲಿ ವಾದಿಸಿ ಗೆದ್ದರೆ ಬಿರುದು ಕೊಡುತ್ತಾರೆ. ಆದರೆ ಸುಮ್ಮನೆ ಹೋಗಿ ಬಾಗಿಲು ತಟ್ಟುವಂತಿಲ್ಲ. ಮೊದಲು ನಮ್ಮ ಗುರುಗಳ ಓಲೆ ಹೋಗಬೇಕು, ಅದರ ಜೊತೆಗೆ ನಾವೇ ಬರೆದ ಒಂದು ವಾದ ಹೋಗಬೇಕು. ಅದನ್ನು ಓದಿ ಅವರು ಬಾ ಎಂದರೆ ಹೊರಡಬೇಕು. ಪಂಡಿತರು ಮೂರು ಊರು ಹೇಳಿದರು: ಕುಂಭಕೋಣ, ಕಾಶಿ, ನವದ್ವೀಪ. ಮೂರೂ ನಮ್ಮ ಸೀಮೆಯ ಆಚೆ. ನವದ್ವೀಪವಂತೂ ಇಂಗ್ಲಿಷರ ಕೈಯಲ್ಲಿದ್ದ ಬಂಗಾಳದಲ್ಲಿ. ಆಗ ಅವರೊಂದಿಗೆ ನಮ್ಮ ಸುಲ್ತಾನರ ಯುದ್ಧ ನಿಂತಿತ್ತು, ಆದರೆ ಯಾರಿಗೂ ಅದು ನಿಂತಿದೆ ಎಂದು ನಂಬಿಕೆಯಿರಲಿಲ್ಲ.

ಪಂಡಿತರು ಓಲೆ ಬರೆಯಲು ಕೂತಾಗ ಲೇಖನಿ ಎತ್ತಿ ನನ್ನತ್ತ ನೋಡಿದರು. "ನಿನ್ನ ಕುಲ ಬರೀಲೋ ಬೇಡವೋ? ನಾನು ಸುಳ್ಳು ಬರೆಯಲ್ಲ. ಆದ್ರೆ ಬರೀದೇ ಬಿಡಬಹುದು."

"ಬರೀರಿ ಬುದ್ಧಿ. ಅಷ್ಟು ದೂರ ನಡ್ಕೊಂಡು ಓಗಿ ಬಾಗಿಲಲ್ಲಿ ಯೋಳೋದಕ್ಕಿಂತ ಇಲ್ಲೇ ಯೋಳ್ಬುಡೋದು ವಾಸಿ."

ಬರೆದರು. ನನ್ನ ಪಾಲಿನ ವಾದ ಬರೆಯುವುದು ಅದಕ್ಕಿಂತ ಕಷ್ಟವಾಯಿತು. ಮಳೆಗಾಲ ಪೂರ್ತಿ ಬರೆದೆ, ಹರಿದೆ. ಅವ್ವ ರಾಗಿ ಬೀಸುತ್ತಾ ನೋಡುತ್ತಿದ್ದಳು. "ಅಷ್ಟೊಂದು ಅರ್ದಾಕೋದಾದ್ರೆ ಯಾಕ್ಲಾ ಬರೀತೀಯೆ?" ಎಂದಳು. ಅಣ್ಣ ಅದನ್ನೂ ಕೇಳಲಿಲ್ಲ. ನಾನು ಓಲೆಯ ಮಾತೆತ್ತಿದರೆ ತಿದಿ ಒತ್ತುವುದನ್ನು ಜೋರು ಮಾಡುತ್ತಿದ್ದ.

ಕುಂಭಕೋಣದ ಉತ್ತರ ನಾಲ್ಕು ತಿಂಗಳಿಗೆ ಬಂತು: ಸ್ಥಳವಿಲ್ಲ. ಅಲ್ಲಿಂದ ಬಂದ ವ್ಯಾಪಾರಿ, ಆ ಗುರುಗಳ ಜಗುಲಿಯಲ್ಲಿ ಆರು ಜನವೂ ಇರಲಿಲ್ಲ ಎಂದ. ಅವನು ಯಾಕಾದರೂ ಹೇಳಿದನೋ ಅನ್ನಿಸಿತು. ಕಾಶಿಗೆ ಓಲೆ ಹೊತ್ತುಹೋದ ಯಾತ್ರಿಕ ಮರಳಿ ಬರಲೇ ಇಲ್ಲ. ನವದ್ವೀಪದ್ದನ್ನು ಪುರಿ ಜಗನ್ನಾಥಕ್ಕೆ ಹೊರಟಿದ್ದ ಒಬ್ಬ ಬೈರಾಗಿಯ ಕೈಗೆ ಕೊಟ್ಟಿದ್ದೆ. ಅವನು ಹೊರಟ ಆರನೆಯ ದಿನ ಪಟ್ಟಣದಿಂದ ಒಬ್ಬ ಸಿಪಾಯಿ ನಮ್ಮ ಮನೆ ಹುಡುಕಿಕೊಂಡು ಬಂದ. ಪಟ್ಟಣವೆಂದರೆ ನಮ್ಮ ಕಡೆ ಶ್ರೀರಂಗಪಟ್ಟಣ ಒಂದೇ.

"ನಡೀಲಾ, ಕಚೇರೀಲಿ ಕೇಳ್ತಾವ್ರೆ ನಿನ್ನ."

ಅವ್ವ ಅಡ್ಡ ಬಂದಳು. "ನನ್ ಮಗ ಏನ್ ಮಾಡವ್ನಪ್ಪಾ?"

"ಬೆಟ್ಟಕ್ಕೆ ಬೆಂಕಿ ಬಿದ್ದದೆ ಅಂತ ಇಂಗ್ಲಿಸ್‌ನೋರ ಸೀಮೆಗೆ ಕಾಗ್ದ ಬರ್ದವ್ನಂತೆ ಕಣವ್ವ. ನಂಗೇನ್ ಗೊತ್ತು. ಕರ್ಕಂಬಾ ಅಂದ್ರು, ಬಂದಿವ್ನಿ."

ಆಗ ನನಗೆ ಹೊಳೆಯಿತು. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ. ತರ್ಕ ಓದುವವರೆಲ್ಲ ಮೊದಲ ದಿನ ಕಲಿಯುವ ಉದಾಹರಣೆ ಇದು. ನನ್ನ ಇಡೀ ವಾದವನ್ನು ಅದರ ಮೇಲೆಯೇ ಕಟ್ಟಿದ್ದೆ. ನಗು ಬರಬೇಕಾಗಿತ್ತು, ಅವ್ವನನ್ನು ಪಕ್ಕಕ್ಕೆ ಸರಿಸಿ ಸಿಪಾಯಿಯ ಹಿಂದೆ ನಡೆದೆ.

ಸಿಪಾಯಿ ದೇವಲಾಪುರದವನು, ಒಳ್ಳೆಯ ಮನುಷ್ಯ. ಕೈ ಕಟ್ಟಲಿಲ್ಲ. ದಾರಿಯಲ್ಲಿ ತನ್ನ ಹುರಿಗಡಲೆಯಲ್ಲಿ ಅರ್ಧ ಕೊಟ್ಟ. ಹಿರೋಡೆಯ ಹತ್ತಿರ ಸುಲ್ತಾನರ ಚಾಕರಿಯಲ್ಲಿದ್ದ ಫರಂಗಿ ದಂಡಿನ ಗುಡಾರಗಳು ಕಂಡವು. ಅವುಗಳ ಹಿಂದೆ ಬೆಟ್ಟ. ಅಡಿಗೆಯ ಹೊಗೆ ಬೆಟ್ಟದ ಬುಡದಿಂದ ನೆಟ್ಟಗೆ ಏಳುತ್ತಿತ್ತು. ಸಿಪಾಯಿ ಅದನ್ನು ನೋಡಿದ, ನನ್ನನ್ನು ನೋಡಿದ. "ಇದ್ನೇ ಏನ್ಲಾ ನೀನ್ ಬರ್ದಿದ್ದು?" ಎಂದ. ಅಲ್ಲವೆಂದೆ. ಅವನು ನಂಬಿದಂತೆ ಕಾಣಲಿಲ್ಲ.

ಕಚೇರಿಯಲ್ಲಿ ಕೂತಿದ್ದ ಅಧಿಕಾರಿಗೆ ಐವತ್ತರ ಹತ್ತಿರ ವಯಸ್ಸು. ಗಡ್ಡಕ್ಕೆ ಮದರಂಗಿ, ಎಡಗೈಯಲ್ಲಿ ಎರಡು ಬೆರಳಿಲ್ಲ. ದಾರಿಯ ಚೌಕಿಯಲ್ಲಿ ಬೈರಾಗಿಯನ್ನು ಹಿಡಿದು ಕಿತ್ತುಕೊಂಡ ನನ್ನ ಕಾಗದ ಅವರ ಮುಂದಿತ್ತು. ಸಂಸ್ಕೃತ ಬಲ್ಲ ಗುಮಾಸ್ತನೊಬ್ಬ ಅದರ ಅರ್ಥ ಹೇಳಿದ್ದ.

"ಯಾವ ಬೆಟ್ಟ?" ಎಂದು ಕೇಳಿದರು.

"ಯಾವ ಬೆಟ್ಟವೂ ಅಲ್ಲ ಸಾಹೇಬ್ರೇ."

"ಯಾವುದೂ ಅಲ್ಲದ ಬೆಟ್ಟಕ್ಕೆ ಬೆಂಕಿ ಹೆಂಗೆ ಬೀಳುತ್ತೆ? ಕರಿಘಟ್ಟವಾ? ಹಿರೋಡೆಯದಾ? ಸಚ್ ಹೇಳು."

"ಬೆಂಕಿಯೂ ಇಲ್ಲ ಸಾಹೇಬ್ರೇ. ಹೊಗೆ ಕಂಡ್ರೆ ಬೆಂಕಿ ಐತೆ ಅಂತ ಯೆಂಗೆ ತಿಳಿಯುತ್ತೆ ಅನ್ನೋದನ್ನ ಬರ್ದಿವ್ನಿ."

"ಅದನ್ನ ಬಂಗಾಳದೋರಿಗೆ ನೀನು ಹೇಳ್ಬೇಕಾ? ಅವ್ರಿಗೆ ಕಣ್ಣಿಲ್ವಾ?"

ಗುಮಾಸ್ತ ನಕ್ಕ. ನಾನು ಬೆವರುತ್ತಾ ಶುರುಮಾಡಿದೆ. ಕಣ್ಣಿಗೆ ಕಂಡದ್ದು ಹೊಗೆ ಮಾತ್ರ, ಬೆಂಕಿ ಕಂಡಿಲ್ಲ. ಆದರೂ ಇದೆ ಎನ್ನುತ್ತೇವೆ. ಕಾಣದ್ದನ್ನು ಇದೆ ಎನ್ನಲು ನಮಗೆ ಯಾವ ಹಕ್ಕು? ಒಲೆಯಲ್ಲಿ ಸಾವಿರ ಸಲ ಎರಡನ್ನೂ ಜೊತೆಗೆ ಕಂಡಿದ್ದೇವೆ, ಸರಿ. ಸಾವಿರದ ಒಂದನೆಯ ಸಲವೂ ಹಾಗೆಯೇ ಎಂದು ಯಾರು ಹೇಳಿದರು? ಮಾತಾಡುತ್ತಾ ಹೋದಂತೆ ಹೆದರಿಕೆ ಮರೆತೆ. ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ. ನಿಲ್ಲಿಸಿದಾಗ ಸಾಹೇಬರು ಕೆನ್ನೆಗೆ ಕೈಕೊಟ್ಟು ಕೂತಿದ್ದರು.

"ನಮ್ಮ ಉಸ್ತಾದರು ಬೇರೆ ಉದಾಹರಣೆ ಹೇಳ್ಕೊಟ್ಟಿದ್ರು" ಎಂದರು ಮೆಲ್ಲಗೆ. "ಲೋಕ ಬದಲಾಗ್ತದೆ. ಬದಲಾಗೋದೆಲ್ಲ ಒಂದಿನ ಹುಟ್ಟಿದ್ದೇ. ಅಂದ್ಮೇಲೆ ಲೋಕವೂ ಹುಟ್ಟಿದ್ದು. ನಿಮ್ಮ ತರ್ಕವನ್ನ ಮಂತಿಖ್ ಅಂತೀವಿ ನಾವು. ಮೂರು ವರ್ಷ ಓದ್ದೆ. ಮುಂದಕ್ಕೆ ಲಖನೌಗೆ ಹೋಗ್ಬೇಕು ಅಂತಿತ್ತು. ಅಬ್ಬಾ ತೀರ್ಕೊಂಡ್ರು, ದಂಡಿಗೆ ಸೇರ್ಕೊಂಡೆ."

ಆಮೇಲೆ ಕಾಗದವನ್ನು ನನ್ನ ಕಡೆ ತಳ್ಳಿದರು.

"ನಾನು ನಂಬಿದೆ. ಗಡಿ ಕಾಯೋನು ನಂಬಲ್ಲ, ಗಡಿಯ ಆಚೆ ಕಡೆಯೋನು ಮೊದಲೇ ನಂಬಲ್ಲ. ಬೆಟ್ಟ, ಬೆಂಕಿ, ಹೊಗೆ, ಮೂರೂ ತೆಗೆದುಬಿಡು. ಬೇರೆ ಏನಾದ್ರೂ ಹಾಕು. ನಿಮ್ಮ ಕೆಲಸ ಏನು?"

"ಕಂಚಿನ ಎರಕ."

"ಅದನ್ನೇ ಹಾಕು."

ಕಚೇರಿಯ ಮೂಲೆಯಲ್ಲಿ ಕೂತು ಎರಡು ದಿನ ಮತ್ತೆ ಬರೆದೆ. ಈ ಗಂಟೆಯಲ್ಲಿ ಬಿರುಕಿದೆ, ಏಕೆಂದರೆ ಇದರ ನಾದ ಒಡೆದಿದೆ. ಬೆಟ್ಟದ ಉದಾಹರಣೆಯಲ್ಲಿ ನಾನು ಇತರರ ಮಾತನ್ನು ಒಪ್ಪಿಸುತ್ತಿದ್ದೆ. ಇದರಲ್ಲಿ ಹಾಗೆ ಮಾಡಲು ಆಗಲಿಲ್ಲ. ಗಂಟೆ ನನಗೆ ಗೊತ್ತಿತ್ತು. ಸಾಹೇಬರು ಕಾವಲಿನಲ್ಲಿದ್ದ ಬೈರಾಗಿಯನ್ನು ಬಿಡಿಸಿ, ಕಾಗದಕ್ಕೆ ತಮ್ಮ ಮೊಹರಿನ ರಹದಾರಿ ಸೇರಿಸಿ ಕಳಿಸಿಕೊಟ್ಟರು. ನಾನು ಕಾಲು ಮುಟ್ಟಲು ಹೋದರೆ ಹಿಂದೆ ಸರಿದು, "ಹೋಗು, ನಿಮ್ಮವ್ವ ಅಳ್ತಿರ್ತಾರೆ" ಎಂದರು.

ಎರಡು ಬೇಸಿಗೆ ಕಳೆದ ಮೇಲೆ ನವದ್ವೀಪದಿಂದ ಉತ್ತರ ಬಂತು. ಪಂಡಿತರು ಅದನ್ನು ಜಗುಲಿಗೆ ತಂದು ಓದಿ ಹೇಳಿದರು. ಆ ಗುರುಗಳು ಬರೆದಿದ್ದರು: ಗಂಟೆಯ ವಾದ ಇಲ್ಲಿ ಯಾರೂ ಕೇಳದ್ದು. ನನಗೊಂದು ಆಕ್ಷೇಪವಿದೆ. ಗಂಟೆಯ ನಾಲಿಗೆ ಸಡಿಲವಾಗಿದ್ದರೂ ನಾದ ಒಡೆಯಬಹುದಲ್ಲ, ಬಿರುಕೇ ಏಕೆ? ಉತ್ತರ ತೆಗೆದುಕೊಂಡು ಬಾ. ನಿನ್ನ ಕುಲದ ವಿಷಯ ಇಲ್ಲಿನ ಶಿಷ್ಯರಲ್ಲಿ ಚರ್ಚೆಯಾಯಿತು, ಇಬ್ಬರು ಒಪ್ಪಲಿಲ್ಲ. ಅವರ ಜೊತೆ ಊಟಕ್ಕೆ ಕೂರಬೇಡ, ವಾದಕ್ಕೆ ಕೂರು.

ಮೂರು ದಿನ ಆ ಆಕ್ಷೇಪವನ್ನೇ ಹೊತ್ತು ಮಂಕಾಗಿ ಓಡಾಡಿದೆ. ಅಣ್ಣ ಕೊನೆಗೆ ಕೆಲಸ ನಿಲ್ಲಿಸಿ, "ಏನ್ಲಾ ಅದು, ಬೊಗಳು" ಎಂದ. ಹೇಳಿದೆ. ಅವನು ಒಂದು ಒಳ್ಳೆಯ ಗಂಟೆಯನ್ನು ತೂಗುಹಾಕಿ, ನಾಲಿಗೆ ಸಡಿಲಿಸಿ ಬಾರಿಸಿದ. ಆಮೇಲೆ ಬಿರುಕುಬಿಟ್ಟ ಹಳೆಯದೊಂದನ್ನು ಬಾರಿಸಿದ. ಮತ್ತೆ ಮೊದಲಿನದು.

"ಕೇಳುಸ್ಕಂಡಾ? ನಾಲ್ಗೆ ಸಡ್ಲ ಆದ್ರೆ ದನಿ ತಡವರುಸ್ತದೆ, ಆಮೇಕೆ ಉದ್ದಕ್ಕೂ ಓಯ್ತದೆ. ಬಿರುಕು ಬಿಟ್ರೆ ದನಿ ಉಟ್ತಿದ್ದಂಗೇ ಸಾಯ್ತದೆ. ಎರಡೂ ಒಂದೇ ಅಂತ ನಿಮ್ ಗುರುಗೆ ಯೋಳ್ದೋನ್ಯಾವನು?"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಉತ್ತರ ಅಷ್ಟೇ ಆಗಿತ್ತು: ಒಡೆದ ನಾದವೆಂದು ನಾನು ಬರೆದ ಮಾತೇ ಸಡಿಲವಾಗಿತ್ತು. ಅಣ್ಣನ ಮುಖದಲ್ಲಿ ನಗುವಿತ್ತು. ನನ್ನ ಓದಿನ ವಿಷಯಕ್ಕೆ ಅವನು ನಕ್ಕದ್ದನ್ನು ಅಂದೇ ಮೊದಲು ನೋಡಿದ್ದು. "ಓಗ್ಬಾ ಬುಡು" ಎಂದ. "ಕುಲುಮೆ ನಾನ್ ನೋಡ್ಕತೀನಿ."

ಆದರೆ ಹೊರಡುವ ಹೊತ್ತಿಗೆ ಮತ್ತೆ ಯುದ್ಧ ಬಂತು. ದಾರಿಗಳೆಲ್ಲ ಮುಚ್ಚಿದವು. ಕೊನೆಗೆ ಒಂದು ದಂಡು ನಮ್ಮ ಊರಿನ ಮೇಲೂ ಹಾಯ್ದುಹೋಯಿತು. ನಾವು ಬಿಂಡಿಗನವಿಲೆಯ ಕಡೆ ಓಡಿ ಜೀವ ಉಳಿಸಿಕೊಂಡೆವು. ಮರಳಿ ಬಂದಾಗ ಕೇರಿಯ ಮನೆಗಳಿಗೆ ಸೂರಿರಲಿಲ್ಲ. ಕಂಚು ಎಂಬುದು ಒಂದು ಚೂರೂ ಉಳಿದಿರಲಿಲ್ಲ. ಪಂಡಿತರು ಆ ವರ್ಷವೇ ಭೇದಿಯಿಂದ ತೀರಿಕೊಂಡರು. ಕುಲುಮೆಯನ್ನು ಮತ್ತೆ ಕಟ್ಟಿ, ಅಣ್ಣನ ಕೈಗೆ ಕೆಲಸ ಬರುವವರೆಗೆ ಎರಡು ವರ್ಷ ನಾನು ಊರು ಬಿಡಲಿಲ್ಲ. ಆ ದಿನಗಳಲ್ಲಿ ನವದ್ವೀಪದ ಓಲೆಯನ್ನು ತೆಗೆದು ಓದಲಿಲ್ಲ. ಓದಿದರೆ ಅಣ್ಣನ ಮೇಲೆ ಕೋಪ ಬರುತ್ತದೆಂದು ಹೆದರಿಕೆಯಿತ್ತು. ಕೊನೆಗೆ ಅವನೇ ಬುತ್ತಿ ಕಟ್ಟಿಸಿ ಬಾಗಿಲಿಗೆ ತಂದಿಟ್ಟ.

ಏಳು ತಿಂಗಳು ನಡೆದು, ದೋಣಿ ಹತ್ತಿ, ಮತ್ತೆ ನಡೆದು ನವದ್ವೀಪ ಸೇರಿದೆ. ಗುರುಗಳಿಗೆ ಆಗ ಕಣ್ಣು ಮಂಜಾಗಿತ್ತು. ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. ಗಂಟೆ ಎಂದೆ. "ಓ, ತಡಮಾಡಿದೆ. ಉತ್ತರವೆಲ್ಲಿ?" ಎಂದರು. ಅಣ್ಣನ ಮಾತನ್ನು ಸಂಸ್ಕೃತದಲ್ಲಿ ಹೇಳಿದೆ. ಅವರು ಎರಡು ಸಲ ಹೇಳಿಸಿ ಕೇಳಿದರು. ಅದು ನನ್ನದಲ್ಲ, ಕಂಚು ಹೊಯ್ಯುವ ನನ್ನಣ್ಣನದು ಎಂದೂ ಹೇಳಿದೆ.

ಅಲ್ಲಿ ಮೂರು ವರ್ಷವಿದ್ದೆ. ಬಿರುದು ಬರಲಿಲ್ಲ. ಮೊದಲ ವರ್ಷ ವಾದದಲ್ಲಿ ಎಲ್ಲರಿಗೂ ಸೋತೆ. ಎರಡನೆಯ ವರ್ಷ ಕೆಲವರಿಗೆ ಸೋತೆ. ಮೂರನೆಯ ವರ್ಷ ಚಳಿಜ್ವರ ಹತ್ತಿತು, ಬಿಡಲಿಲ್ಲ. ನನ್ನ ಕುಲವನ್ನು ಒಪ್ಪದಿದ್ದ ಇಬ್ಬರಲ್ಲಿ ಒಬ್ಬ, ವಾದದಲ್ಲಿ ನನಗೆ ಬಹಳ ಸಲ ಮಣ್ಣು ಮುಕ್ಕಿಸಿದವನು, ನಾನು ಮಲಗಿದ್ದ ಅಷ್ಟು ದಿನವೂ ಗಂಜಿ ಕಾಸಿ ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದ. ಜೊತೆಗೆ ಕೂತು ಉಣ್ಣಲಿಲ್ಲ, ಒಳಗೂ ಬರಲಿಲ್ಲ. ಹೊರಗೆ ನಿಂತು, ಹಿಂದಿನ ದಿನದ ಪಾಠವನ್ನು ಗಟ್ಟಿಯಾಗಿ ಹೇಳಿ ಹೋಗುತ್ತಿದ್ದ, ನನಗೆ ತಪ್ಪದಿರಲಿ ಎಂದು.

ವೈದ್ಯರು ಊರಿಗೆ ಹೋಗದಿದ್ದರೆ ಉಳಿಯುವುದಿಲ್ಲ ಎಂದ ದಿನ ಅವನೇ ನನ್ನ ಗಂಟನ್ನು ಹೊತ್ತು ನದಿಯವರೆಗೆ ಬಂದ. ನಾನು ಕೊಡು ಎಂದರೂ ಕೊಡಲಿಲ್ಲ. ದೋಣಿ ಬಿಡುವ ಮುಂಚೆ ಗಂಟನ್ನು ನನ್ನ ತೊಡೆಯ ಮೇಲಿಟ್ಟು, ಜ್ವರ ಬರುವ ಮೊದಲು ನಾನು ಮಾಡಿದ ಒಂದು ವಾದದಲ್ಲಿ ಎಲ್ಲಿ ಎಡವಿದ್ದೆನೆಂದು ವಿವರಿಸತೊಡಗಿದ. ದೋಣಿ ಹೊರಟಿತು. ಅವನು ದಡದ ನೀರಿನಲ್ಲಿ ನಾಲ್ಕು ಹೆಜ್ಜೆ ಇಳಿದು, ಮಾತು ಮುಗಿಸಿಯೇ ನಿಂತ.