ಸೌಂಡಕ್ಕ ಮತ್ತು ಅವಳ ದೊಡ್ಡಮ್ಮನ ಮಗಳು

ಕೇಬಲ್ಲನ್ನು ಮೊಣಕೈಗೆ ಸುತ್ತಿದವರಿಗೆ ಸೌಂಡಕ್ಕನ ವ್ಯಾನಿನಲ್ಲಿ ಕಿಟಕಿ ಪಕ್ಕದ ಸೀಟಿಲ್ಲ. ಇದು ಕಾಯಿದೆ. ಹಾಗೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಆರು ತಿಂಗಳಲ್ಲಿ ಕರಕರ ಎನ್ನತೊಡಗುತ್ತದೆ. ಸದಾ ಮಾಸಿದ ಕಪ್ಪು ಶರ್ಟಿನಲ್ಲಿರುವ ಐವತ್ತಾರು ವರ್ಷದ ಈ ಹೆಂಗಸು ಒಂದೊಂದು ಸುತ್ತನ್ನೂ ಹಿಂದೊಮ್ಮೆ ಮುಂದೊಮ್ಮೆ ತಿರುಗಿಸಿ ಅಂಗೈಗೆ ತಂದುಕೊಳ್ಳುವುದನ್ನು ನೋಡಬೇಕು. ಮಗಳಿಗೆ ಜಡೆ ಹಾಕುವವರೂ ಅಷ್ಟು ಜೋಪಾನ ಮಾಡುವುದಿಲ್ಲ.

ಇಪ್ಪತ್ತೆರಡು ವರ್ಷ ಅವಳು ನಗರಸಭೆಯ ಸಭಾಂಗಣದಲ್ಲಿ ಮೈಕು ನೋಡಿಕೊಂಡವಳು. ಎಷ್ಟೋ ದೊಡ್ಡ ಮನುಷ್ಯರು ಅಲ್ಲಿ ಗಂಟಲು ಹರಿದುಕೊಂಡರು. ಒಬ್ಬರಾದರೂ ಅವಳ ಕಡೆ ಕಣ್ಣೆತ್ತಿ ನೋಡಿದ್ದಿಲ್ಲ. ಮೈಕು ಕಿರುಚಿದಾಗ ಮಾತ್ರ ನೋಡುತ್ತಿದ್ದರು, ಅದೂ ನುಂಗುವ ಹಾಗೆ. ಒಂದು ದಿನ ನಾಲ್ವರು ಸಭಾಂಗಣ ಕೇಳಿಕೊಂಡು ಬಂದರು. ಹುಟ್ಟಿದಾಗ ಗಂಡೆಂದು ಬರೆಸಿದ್ದರೂ ತಾನು ಹೆಣ್ಣೆಂದು ಹದಿನೇಳಕ್ಕೇ ಸಾರಿದ ಹಾಡುಗಾರ್ತಿ, ಪರಸ್ಪರ ಪ್ರೀತಿಸುವ ಇಬ್ಬರು ಗಿಟಾರಿನ ಹುಡುಗಿಯರು, ತನ್ನ ಗೆಳೆಯನ ಮೇಲೆಯೇ ಹಾಡು ಕಟ್ಟುವ ಡ್ರಮ್ಮಿನವನು. ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ‘ಕ್ವಿಯರ್ ರಾಕ್ ಬ್ಯಾಂಡ್’. ಮೇಲ್ವಿಚಾರಕ ಅದನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟ. ಅವರು ಎದುರಿನ ಪಾರ್ಕಿಂಗ್ ಜಾಗದಲ್ಲೇ ಹಾಡಲು ನಿಂತರು. ಅರ್ಧ ಗಂಟೆಯಲ್ಲಿ ಸೌಂಡಕ್ಕ ಮನೆಯಿಂದ ತನ್ನ ಸ್ವಂತ ಸ್ಪೀಕರು ಹೊರಿಸಿಕೊಂಡು ಬಂದಳು. ಮುಂದಿನ ತಿಂಗಳು ರಾಜೀನಾಮೆ ಕೊಟ್ಟಳು. ತಲೆ ಕೆಟ್ಟಿದೆ ಎಂದರು ಜನ. ಅಂದುಕೊಳ್ಳಲಿ, ಜನರ ಬಾಯಿಗೆ ಬೀಗ ಹಾಕುವವರು ಯಾರು?

ಆಮೇಲೆ ನಾಲ್ಕು ವರ್ಷ ಬ್ಯಾಂಡಿನ ಜೊತೆ ಊರೂರು ಸುತ್ತಾಟ. ಲಾಡ್ಜಿನವನು ಇಬ್ಬರು ಹುಡುಗಿಯರನ್ನು ಮೇಲಿಂದ ಕೆಳಗೆ ನೋಡಿ, “ಇವರು ಏನಾಗ್ಬೇಕು?” ಎಂದರೆ ಸೌಂಡಕ್ಕ ಮುಂದೆ ಬರುತ್ತಿದ್ದಳು. “ಜೋಡಿ. ಒಂದೇ ರೂಮು ಸಾಕು. ಬಿಸಿನೀರು ಬರುತ್ತೋ ಇಲ್ವೋ, ಅದನ್ನ ಹೇಳಿ.”

ಬೇರೆಯವರ ವಿಷಯಕ್ಕೆ ಹುಲಿ, ತನ್ನ ವಿಷಯಕ್ಕೆ ಇಲಿ. ಹತ್ತೊಂಬತ್ತು ವರ್ಷದಿಂದ ಅವಳು ಒಬ್ಬಳು ನರ್ಸಿನ ಜೊತೆ ಒಂದೇ ಮನೆ, ಒಂದೇ ಹಾಸಿಗೆಯಲ್ಲಿ ಬಾಳುತ್ತಿದ್ದಳು. ಕೆಳಗಿನ ಮನೆಯ ಓನರಮ್ಮನಿಗೆ ಮಾತ್ರ “ನಮ್ಮ ದೊಡ್ಡಮ್ಮನ ಮಗಳು” ಎಂದಿದ್ದಳು. ವೇದಿಕೆಯ ಮೇಲೆ ಹಾಡುಗಾರ್ತಿ ತನ್ನವರನ್ನೆಲ್ಲ ಅವರವರ ಪ್ರೀತಿಯ ಸಮೇತ ಪರಿಚಯಿಸುತ್ತಿದ್ದಳು. ಇವಳ ಸರದಿ ಬಂದಾಗ “ನಮ್ಮ ಸೌಂಡಕ್ಕ” ಎಂದಷ್ಟೇ ಹೇಳಬೇಕು. ಅದೂ ಕಾಯಿದೆ.

ಈ ಸಲ ಸೌಂಡಕ್ಕ ಮನೆಗೆ ಬಂದಾಗ ನರ್ಸು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತ ಕೇಳಿದಳು: “ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ನನ್ನ ನಿವೃತ್ತಿಯ ಬೀಳ್ಕೊಡುಗೆ. ಮನೆಯವರನ್ನ ಕರ್ಕೊಂಡು ಬನ್ನಿ ಅಂದಿದಾರೆ. ನೀನು ಏನಾಗಿ ಬರ್ತೀಯ?”

“ಇನ್ನೇನಾಗಿ? ತಂಗಿಯಾಗಿ.”

“ಹಾಗಾದ್ರೆ ಬರ್ಬೇಡ. ಮನೆಯವರಿಗೆ ಅಂತ ಒಂದೇ ಕುರ್ಚಿ ಹಾಕ್ತಾರೆ. ಖಾಲಿ ಇರ್ಲಿ ಬಿಡು.” ಜಗಳವಿಲ್ಲ, ಅಳುವಿಲ್ಲ. ಸೌಂಡಕ್ಕನಿಗೆ ಅದೇ ಹೆಚ್ಚು ಚುಚ್ಚಿತು.

ಆ ಭಾನುವಾರ ಮಧ್ಯಾಹ್ನ ಮೂರಕ್ಕೆ ಬ್ಯಾಂಡಿನ ಕಾರ್ಯಕ್ರಮವಿದ್ದದ್ದು ಅದೇ ನಗರಸಭೆ ಸಭಾಂಗಣದಲ್ಲಿ. ಹಳೆಯ ಮೇಲ್ವಿಚಾರಕ ಹೋಗಿ ಬೇರೆಯವರು ಬಂದಿದ್ದರು. ನಾನೂರು ಕುರ್ಚಿಯೂ ಭರ್ತಿ. ನರ್ಸು ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬಂದು ಸೌಂಡಕ್ಕನ ಮೇಜಿನ ಪಕ್ಕ ಕೂತಳು. ಎದುರು ಸಾಲಿನಲ್ಲಿ, ಪುಕ್ಕಟೆ ಹಾಡೆಂದು ಬಂದಿದ್ದ ಓನರಮ್ಮ.

ಆ ಮೇಜಿನಲ್ಲಿ ಒಂದು ಪುಟ್ಟ ಮೈಕಿದೆ. ಬೇರೆ ಸಭಾಂಗಣಗಳಲ್ಲಿ ಇಂಥ ಮೈಕಿನ ಗುಂಡಿ ಒತ್ತಿ ಮಾತಾಡಿದರೆ ವೇದಿಕೆಯವರಿಗಷ್ಟೇ ಕೇಳುತ್ತದೆ. ಇಲ್ಲಿ ಮಾತ್ರ ಇಡೀ ಸಭಾಂಗಣಕ್ಕೆ ಕೇಳುವಂತೆ ಯಾರೋ ತಂತಿ ಜೋಡಿಸಿದ್ದರು, ತಪ್ಪಿಸಿಕೊಂಡ ಮಕ್ಕಳ ಹೆಸರು ಕೂಗಲೆಂದು. ಆ ‘ಯಾರೋ’ ಬೇರಾರೂ ಅಲ್ಲ, ಸೌಂಡಕ್ಕನೇ. ಪುಣ್ಯಾತ್ಗಿತ್ತಿ ಮರೆತೇಬಿಟ್ಟಿದ್ದಳು.

ಮೂರನೇ ಹಾಡು ಮುಗಿಯಿತು. ಗುಂಡಿ ಒತ್ತಿ, “ಒಂದು ನಿಮಿಷ ತಡೀರೋ” ಎಂದವಳು ಪಕ್ಕಕ್ಕೆ ತಿರುಗಿದಳು. ಬೆರಳು ಗುಂಡಿಯ ಮೇಲೇ ಇತ್ತು. “ಯಾಕೆ ಬಂಗಾರ, ಮುಖ ಹಿಂಗೆ ಬಾಡಿದೆ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ? ಚೀಲದಲ್ಲಿ ಬ್ರೆಡ್ ಇದೆ, ತಿನ್ನು. ಆಮೇಲೆ ತಲೆನೋವು ಅಂತ ನನ್ನ ತೋಳ ಮೇಲೆ ಮಲ್ಕೊಂಡು ಗೋಳಾಡ್ಬೇಡ.”

ಅದು ನಾನೂರು ಜನರ ಕಿವಿಗೂ ಬಿತ್ತು. ನಗು ಎದ್ದಿತು. ಓನರಮ್ಮ ಕುರ್ಚಿಯಲ್ಲೇ ಪೂರ್ತಿ ತಿರುಗಿದರು.

ನರ್ಸು ಒಂದು ಕ್ಷಣವೂ ತಡಮಾಡಲಿಲ್ಲ. “ಚಿಕ್ಕಮ್ಮನ ಮಗಳಲ್ವಾ, ಚಿಕ್ಕಂದಿನಿಂದ ಹೀಗೇ ಇವಳು,” ಎಂದು ಓನರಮ್ಮನಿಗೆ ನಕ್ಕಳು. ಸೂಜಿ ಚುಚ್ಚುವಾಗ ‘ನೋವಾಗಲ್ಲ’ ಎಂದು ನಗುತ್ತಾರಲ್ಲ, ಆ ನಗು.

ಸೌಂಡಕ್ಕನಿಗೆ ಮೈ ಉರಿಯಿತು, ಓನರಮ್ಮನ ಮೇಲಲ್ಲ, ತನ್ನ ಮೇಲೇ. ಸುಳ್ಳು ಹೇಳಿದ್ದು ತಾನು, ಹೊತ್ತದ್ದು ಇವಳು. ಗುಂಡಿಯಿಂದ ಜಾರಿದ್ದ ಬೆರಳನ್ನು ಮತ್ತೆ ಅದರ ಮೇಲಿಟ್ಟು ಗಟ್ಟಿಯಾಗಿ ಒತ್ತಿದಳು.

“ಎಲ್ಲರೂ ಕೇಳಿ. ಇವಳು ನನ್ನ ದೊಡ್ಡಮ್ಮನ ಮಗಳಲ್ಲ. ನನಗೆ ದೊಡ್ಡಮ್ಮನೇ ಇಲ್ಲ. ನಮ್ಮಮ್ಮ ಒಬ್ಬಳೇ ಮಗಳು. ಹತ್ತೊಂಬತ್ತು ವರ್ಷದಿಂದ ನಾವಿಬ್ಬರೂ ಸಂಸಾರ ಮಾಡ್ತಿದೀವಿ. ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಮನೆಯವರ ಕುರ್ಚಿಯಲ್ಲಿ ನಾನು ಕೂರ್ತೀನಿ. ಇವಳು ಒಪ್ಪಿದ್ರೆ.”

ಇಬ್ಬರು ಮೂವರು ಎದ್ದು ಹೊರಟರು. ಉಳಿದವರು ಮೇಜಿನ ಕಡೆ ತಿರುಗಿದರು. ವೇದಿಕೆಯ ಮೇಲೆ ಹಾಡುಗಾರ್ತಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನರ್ಸಿನ ಕಣ್ಣು ತುಂಬಿತ್ತು. ಅವಳು ಬಗ್ಗಿ, ಸೌಂಡಕ್ಕನ ಬೆರಳ ಮೇಲೆ ತನ್ನ ಬೆರಳಿಟ್ಟು ಆ ಪುಟ್ಟ ಮೈಕಿಗೆ ಬಾಯಿ ತಂದಳು.

“ಕೂತ್ಕೋ,” ಎಂದಳು, ನಾನೂರು ಜನರಿಗೂ ಕೇಳುವಂತೆ. “ಆದ್ರೆ ಆ ಮಾಸಿದ ಕಪ್ಪು ಶರ್ಟ್ ಹಾಕ್ಕೊಂಡು ಬಂದ್ರೆ ಜೋಕೆ.”