ಹದಿನಾಲ್ಕು ಸೈನಿಕರು, ಇಪ್ಪತ್ತೆಂಟು ತೆರೆದ ಕಣ್ಣುಗಳು

ನಮ್ಮ ಚಿಕ್ಕಪ್ಪನ ಅಂಗಡಿಗೆ ಮಿಕ್ಸಿ ರಿಪೇರಿಗೆ ಬಂದವರೆಲ್ಲ ಒಂದು ವಿಷಯ ಗಮನಿಸಿರುತ್ತಾರೆ. ಅವರು ಎಂದೂ ರಸ್ತೆಗೆ ಬೆನ್ನು ಹಾಕಿ ಕೂರುವುದಿಲ್ಲ. ಸ್ಟೂಲು ಗೋಡೆಗೆ ಒತ್ತಿಕೊಂಡಿರುತ್ತದೆ, ಮೇಜು ಅದರ ಮುಂದೆ. ಕೈ ಸ್ಕ್ರೂ ಬಿಚ್ಚುತ್ತಿದ್ದರೂ ಕಣ್ಣು ಶಟರಿನಾಚೆ. ಹೋಟೆಲಿಗೆ ಹೋದರೂ ಅಷ್ಟೇ, ಮೂಲೆಯ ಕುರ್ಚಿ ಸಿಗುವವರೆಗೆ ನಾವೆಲ್ಲ ಹಸಿದುಕೊಂಡು ನಿಂತಿರಬೇಕು. "ಇವರಿಗೆ ಕುರ್ಚಿ ಹುಡುಕೋದು ಅಂದ್ರೆ ಮಗಳಿಗೆ ಗಂಡು ಹುಡುಕಿದ ಹಾಗೆ, ಒಂದೂ ಒಪ್ಪಿಗೆ ಆಗಲ್ಲ" ಎಂದು ಚಿಕ್ಕಮ್ಮ ಗೊಣಗುತ್ತಾರೆ.

ಚಿಕ್ಕಪ್ಪ ಹದಿನೇಳು ವರ್ಷ ಸೈನ್ಯದಲ್ಲಿ ಲಾರಿ ಓಡಿಸಿದವರು. ಸಾಲಾಗಿ ಹೋಗುವ ಲಾರಿಗಳಲ್ಲಿ ಇವರದು ಮೂರನೆಯದು. ಒಂದು ದಿನ ಎರಡನೆಯದು ಕಣ್ಣೆದುರೇ ಸಿಡಿಯಿತು. ಅವರು ಹೇಳಿರುವುದು ಇಷ್ಟೇ. ಉಳಿದದ್ದು ನಮಗೆ ಮನೆಯಲ್ಲೇ ಗೊತ್ತಾಗುತ್ತದೆ. ಪಕ್ಕದ ಮನೆಯವರು ಬಾಗಿಲನ್ನು ದಢಾರನೆ ಹಾಕಿದರೆ ಸಾಕು, ಚಿಕ್ಕಪ್ಪ ತಟ್ಟೆ ಬಿಟ್ಟು ಎದ್ದು ನಿಂತಿರುತ್ತಾರೆ.

ಇಂಥವರಿಗೆ ಹುಟ್ಟಿದ ಒಬ್ಬಳೇ ಮಗಳು ಏನು ಬಾರಿಸಬೇಕು ಹೇಳಿ? ವೀಣೆಯಲ್ಲ, ಕೊಳಲಲ್ಲ. ಡ್ರಮ್ಸ್! ಮನೆಯಲ್ಲಿ ಅವಳನ್ನು ಕರೆಯುವುದೇ ಡಬಡಬ ಎಂದು. ಕಾಲೇಜಿನ ಬ್ಯಾಂಡಿನಲ್ಲಿ ಅವಳೇ ಡ್ರಮ್ಮರ್. ಇಡೀ ಊರು ಅವಳ ಬಡಿತ ಕೇಳಿದೆ, ಅಪ್ಪ ಒಬ್ಬರನ್ನು ಬಿಟ್ಟು. ಅದಕ್ಕೊಂದು ಕಾರಣವಿದೆ. ಅವಳಿಗೆ ಹತ್ತು ವರ್ಷವಾಗಿದ್ದಾಗ ಶಾಲೆಯ ಸ್ಟೇಜಿನ ಮೇಲೆ ಒಂದು ಬಲೂನು ಒಡೆಯಿತು. ಚಿಕ್ಕಪ್ಪ ಮೂರೇ ನೆಗೆತಕ್ಕೆ ಸ್ಟೇಜು ಹತ್ತಿ, ಮಗಳನ್ನು ಹೆಗಲಿಗೆ ಹಾಕಿಕೊಂಡು, ಆರು ಸಾಲು ಕುರ್ಚಿ ಉರುಳಿಸಿ ರಸ್ತೆಯವರೆಗೆ ಓಡಿದರು. ಅವಳು ಮೊಲದ ವೇಷದಲ್ಲಿದ್ದಳು. ಮೊಲವನ್ನೇ ಕ್ಯಾರೆಟಿನಂತೆ ಕಿತ್ತೊಯ್ದರೆಂದು ಮುಂದಿನ ಎರಡು ವರ್ಷ ತರಗತಿಯವರೆಲ್ಲ ಅವಳನ್ನು ಕ್ಯಾರೆಟ್ ಎಂದೇ ಕರೆದರು. ಅಂದಿನಿಂದ ಅವಳು ಅಪ್ಪನನ್ನು ಯಾವ ಕಾರ್ಯಕ್ರಮಕ್ಕೂ ಕರೆಯಲಿಲ್ಲ, ಅಪ್ಪನೂ ಬರುತ್ತೇನೆ ಎನ್ನಲಿಲ್ಲ.

ಈ ವರ್ಷ ಕಾಲೇಜಿನಲ್ಲಿ ಅವಳದು ಕೊನೆಯ ಕಾರ್ಯಕ್ರಮ. ಅವಳು ಒಂದು ಪಾಸನ್ನು ಅಪ್ಪನ ಮೇಜಿನ ಮೇಲೆ, ಬಿಚ್ಚಿಟ್ಟ ಫ್ಯಾನಿನ ಪಕ್ಕದಲ್ಲಿ ಇಟ್ಟಳು.

"ನಡುಮಧ್ಯದ ಸೀಟಪ್ಪ. ಮೂಲೆದು ಸಿಗಲಿಲ್ಲ. ಬರದಿದ್ರೂ ಪರವಾಗಿಲ್ಲ."

"ಪರವಾಗಿಲ್ಲ ಅಂತ ಹೇಳೋಕೆ ಅಂಗಡಿವರೆಗೂ ಬಂದ್ಯಾ?" ಎಂದರು ಚಿಕ್ಕಪ್ಪ.

ಅವಳು ಹೊರಟುಹೋದಳು. ಚಿಕ್ಕಪ್ಪ ಆ ಪಾಸನ್ನು ಎಷ್ಟು ಹೊತ್ತು ನೋಡಿದರೆಂದರೆ ಗಿರಾಕಿಯೊಬ್ಬರು ಕಾದು ಕಾದು ವಾಪಸ್ಸೇ ಹೋದರು.

ಆ ವಾರವೇ ಅವರ ಹಳೆಯ ಸ್ನೇಹಿತ ಫೋನ್ ಮಾಡಿದ್ದು. ಸೈನ್ಯದಲ್ಲಿ ಅಡುಗೆ ಮಾಡುತ್ತಿದ್ದವರು, ಎಲ್ಲರೂ ಸೌಟು ಎಂದೇ ಕರೆಯುತ್ತಾರೆ. ಮಾಜಿ ಸೈನಿಕರಿಗಾಗಿಯೇ ಏಳು ದಿನದ ಧ್ಯಾನದ ಶಿಬಿರವಂತೆ. "ಬಾರೋ! ದಿನಾ ಸಂಜೆ ಅರ್ಧ ಗಂಟೆ ಬಿಟ್ರೆ ಯಾರೂ ಮಾತಾಡೋ ಹಾಗಿಲ್ಲ. ಹೆಂಡತಿ ಫೋನೂ ಬರಲ್ಲ. ಸ್ವರ್ಗ ಕಣೋ!" ಸ್ಪೀಕರ್ ಆನ್ ಇತ್ತು. ಚಿಕ್ಕಮ್ಮ ಹಿಂದೆಯೇ ನಿಂತಿದ್ದರು. "ಹೋಗ್ಲಿ ಬಿಡಿ, ನನಗೂ ಏಳು ದಿನ ಸ್ವರ್ಗ" ಎಂದರು. ಆದರೂ ಮನಸ್ಸು ತಡೆಯದೆ, ರಜೆಯಲ್ಲಿದ್ದ ನನ್ನನ್ನು ಅಲ್ಲಿಗೆ ಸ್ವಯಂಸೇವಕಿಯಾಗಿ ಅಟ್ಟಿದರು.

ಶಿಬಿರ ನಡೆದದ್ದು ಒಂದು ಹಳೇ ಲಾಡ್ಜಿನಲ್ಲಿ. ಉದ್ದನೆಯ ಹಾಲು, ಹಸಿರು ಚಾಪೆಗಳು, ಹಿಂದುಗಡೆ ಒಂದೇ ಬಾಗಿಲು. ಕಲಿಸುವವರು ಮೂವತ್ತು ವರ್ಷ ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಎಲ್ಲರಿಗೂ ಸಿಸ್ಟರ್. ಕುಳ್ಳಗೆ, ದುಂಡಗೆ ಇದ್ದರು. ಗಂಟಲು ಮಾತ್ರ ಆರಡಿ ಎತ್ತರ. "ಏನೂ ಕಷ್ಟ ಇಲ್ಲ. ಕಣ್ಣು ಮುಚ್ಚಿ. ಉಸಿರು ಬರುತ್ತೆ, ಹೋಗುತ್ತೆ, ನೋಡ್ತಾ ಇರಿ. ಬೇರೆ ಏನಾದ್ರೂ ನೆನಪಿಗೆ ಬಂದ್ರೆ ಬರಲಿ, ಒದ್ದು ಓಡಿಸೋಕೆ ಹೋಗ್ಬೇಡಿ. ಮತ್ತೆ ಉಸಿರಿಗೆ ವಾಪಸ್ ಬನ್ನಿ, ಅಷ್ಟೇ." ಹೀಗೆಂದು ತಾವೇ ಮೊದಲು ಕಣ್ಣು ಮುಚ್ಚಿದರು.

ನನ್ನ ಕೆಲಸ ಯಾರಾದರೂ ಎದ್ದು ಹೊರಗೆ ಹೋದರೆ ಜೊತೆಗೆ ಹೋಗುವುದು. ಅದಕ್ಕೇ ಸಿಸ್ಟರ್ ಪಕ್ಕದಲ್ಲಿ, ಎಲ್ಲರ ಮುಖ ಕಾಣುವ ಹಾಗೆ ಕೂತಿದ್ದೆ. ಐದು ನಿಮಿಷ ಆಯಿತು. ಏನೋ ಸರಿಯಿಲ್ಲ ಅನಿಸಿತು. ಸರಿಯಾಗಿ ನೋಡುತ್ತೇನೆ, ಅಯ್ಯೋ ದೇವರೇ! ಹದಿನಾಲ್ಕು ಜನ ದೊಡ್ಡ ದೊಡ್ಡ ಗಂಡಸರು ಬುದ್ಧನ ಹಾಗೆ ಕೂತಿದ್ದಾರೆ, ಹದಿನಾಲ್ಕು ಜನರ ರೆಪ್ಪೆಯೂ ಕೂದಲೆಳೆಯಷ್ಟು ತೆರೆದಿದೆ! ಒಬ್ಬರು ಕಿಟಕಿ ಕಾಯುತ್ತಿದ್ದಾರೆ, ಒಬ್ಬರು ಸ್ಟೀಲ್ ಜಗ್ಗಿನ ಹೊಳಪಿನಲ್ಲಿ ಹಿಂದಿನ ಬಾಗಿಲು ನೋಡುತ್ತಿದ್ದಾರೆ. ಚಿಕ್ಕಪ್ಪನಂತೂ ಎಲ್ಲರನ್ನೂ ಒಂದು ಸುತ್ತು ಎಣಿಸಿ ಮುಗಿಸಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಇಡೀ ಹಾಲಿನಲ್ಲಿ ನೆಮ್ಮದಿಯಾಗಿ ಧ್ಯಾನ ಮಾಡುತ್ತಿದ್ದವರು ಸಿಸ್ಟರ್ ಒಬ್ಬರೇ.

ಎರಡು ದಿನ ಇದೇ ಕಥೆ. ಎರಡನೇ ಸಂಜೆ ಸಿಸ್ಟರ್ "ಕಣ್ಣು ಮುಚ್ಚೋಕೆ ಯಾರಿಗೆ ಕಷ್ಟ ಆಗ್ತಿಲ್ಲ?" ಎಂದು ಕೇಳಿದಾಗ ಹದಿನಾಲ್ಕು ಕೈಗಳೂ ಮೇಲೆದ್ದವು. ನನಗೆ ತಡೆಯಲಾಗಲಿಲ್ಲ.

"ಸಿಸ್ಟರ್, ಎಲ್ಲರೂ ಸುಳ್ಳು ಹೇಳ್ತಿದ್ದಾರೆ! ಯಾರೂ ಕಣ್ಣೇ ಮುಚ್ಚಿಲ್ಲ!"

ಚಿಕ್ಕಪ್ಪ ನನ್ನನ್ನು ನೋಡಿದ ನೋಟಕ್ಕೆ ಮಿಕ್ಸಿ ಸುಟ್ಟುಹೋಗುತ್ತಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು ನಿಜ ಹೇಳಿದರು. "ತಪ್ಪು ತಿಳ್ಕೋಬೇಡಿ ಸಿಸ್ಟರ್. ಎಲ್ಲರೂ ಕಣ್ಣು ಮುಚ್ಚಿದ್ರೆ ಕಾಯೋರು ಯಾರು? ಪಾಪ, ಇವರೆಲ್ಲ ಆರಾಮಾಗಿ ಮಾಡ್ಕೊಳ್ಳಲಿ ಅಂತ ನಾನೊಬ್ಬ ಎಚ್ಚರ ಇದ್ದೆ."

"ನೀನಾ?" ಎಂದರು ಸೌಟು. "ಲೋ, ನಿನಗೋಸ್ಕರ ನಾನು ಎಚ್ಚರ ಇದ್ದೆ ಕಣೋ!"

"ನಾನೂ ಅದಕ್ಕೇ ಇದ್ದಿದ್ದು" ಎಂದಿತು ಹಿಂದಿನ ಸಾಲಿನ ಒಂದು ದನಿ. ಇನ್ನೊಂದು, ಮತ್ತೊಂದು. ಪ್ರತಿಯೊಬ್ಬರೂ ತಾನೊಬ್ಬನೇ ಕಾವಲಿಗಿದ್ದೇನೆ, ಉಳಿದ ಹದಿಮೂರು ಜನ ನನ್ನ ಭರವಸೆಯ ಮೇಲೆ ಕಣ್ಣು ಮುಚ್ಚಿದ್ದಾರೆ ಎಂದುಕೊಂಡಿದ್ದರು! ಮೊದಲು ನಕ್ಕವರು ಸಿಸ್ಟರ್. ಆಮೇಲೆ ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು.

ಸಿಸ್ಟರ್ ಕಣ್ಣೊರೆಸಿಕೊಂಡು ಒಂದು ಕಪ್ಪು ಹಲಗೆ ತರಿಸಿದರು. "ಮೊದಲೇ ಹೇಳಬಾರದಾ? ನಡೀರಿ, ಡ್ಯೂಟಿ ಹಾಕೋಣ. ಹತ್ತು ನಿಮಿಷ ಒಬ್ಬರು ಬಾಗಿಲ ಹತ್ರ ಕಣ್ಣು ಬಿಟ್ಕೊಂಡು ಕೂತ್ಕೊಳ್ಳಿ. ಉಳಿದವರು ಮುಚ್ಚಬೇಕು. ಟೈಮ್ ಆದ್ಮೇಲೆ ಮುಂದಿನವರ ಹೆಗಲು ಮುಟ್ಟಿ. ಕಾಯೋರಿಗೆ ಕಾಯೋದೇ ಧ್ಯಾನ."

ಚಿಕ್ಕಪ್ಪ ಸೀಮೆಸುಣ್ಣ ತೆಗೆದುಕೊಂಡು ನಾಲ್ಕು ಡ್ಯೂಟಿಗೂ ತಮ್ಮ ಹೆಸರನ್ನೇ ಬರೆದರು. ಸೌಟು ಅದನ್ನು ಕೈಯಿಂದ ಕಸಿದುಕೊಂಡು ಮೂರನ್ನು ಅಂಗೈಯಲ್ಲೇ ಒರೆಸಿಹಾಕಿದರು. "ಆ ಲಾರಿ ಸಿಡಿದ ದಿನದಿಂದ್ಲೂ ನೀನೇ ಕಾಯ್ತಿದೀಯ. ಸಾಕು, ನಮಗೂ ಸ್ವಲ್ಪ ಕೊಡು."

ನಾಲ್ಕನೇ ಬೆಳಿಗ್ಗೆ ಬಾಗಿಲಲ್ಲಿ ಸೌಟು ಕೂತಿದ್ದರು. ಚಿಕ್ಕಪ್ಪನ ರೆಪ್ಪೆ ಅದುರಿತು, ಅದುರಿತು, ಆಮೇಲೆ ಪೂರ್ತಿ ಮುಚ್ಚಿಕೊಂಡಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಎರಡು ನಿಮಿಷ, ಮೂರು ನಿಮಿಷ. ಅಷ್ಟರಲ್ಲಿ ಗೊರ್ರ್... ಚಿಕ್ಕಪ್ಪ ಗೊರಕೆ ಹೊಡೆಯುತ್ತಾ ಪಕ್ಕದವರ ಭುಜಕ್ಕೆ ಒರಗಿಬಿಟ್ಟಿದ್ದರು! ನಾನು ಎಬ್ಬಿಸಲು ಹೋದೆ. ಸಿಸ್ಟರ್ ಬೇಡವೆಂದು ತಲೆಯಾಡಿಸಿದರು. ಪಕ್ಕದವರು ಎರಡು ಗಂಟೆ ಭುಜ ಅಲುಗಿಸಲಿಲ್ಲ. ಊಟದ ಗಂಟೆ ಬಾರಿಸಲು ಬಂದವರ ಕೈಯನ್ನು ಸೌಟು ಗಬಕ್ಕನೆ ಹಿಡಿದರು. ಪಕ್ಕದ ಕೋಣೆಯಲ್ಲಿ ಹನ್ನೆರಡು ಜನ, ಚಮಚ ತಟ್ಟೆಗೆ ತಗುಲದ ಹಾಗೆ, ಮೊಟ್ಟೆ ಕದ್ದವರಂತೆ ಊಟ ಮಾಡಿದರು. ಎದ್ದ ಮೇಲೆ ಚಿಕ್ಕಪ್ಪನಿಗೆ ನಾಚಿಕೆಯೋ ನಾಚಿಕೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, "ಚಿಕ್ಕಪ್ಪಾ, ಹಳೇ ನೆನಪೆಲ್ಲ ಹೋಯ್ತಾ?"

"ಏನೂ ಹೋಗಿಲ್ಲ ಪುಟ್ಟಿ. ಬರುತ್ತೆ. ಬಂದಾಗ 'ಬಂದ್ಯಾ, ಕೂತ್ಕೋ' ಅನ್ನೋದು ಕಲ್ತೆ. ಮೊದಲು ಅದು ಬಂತು ಅಂದ್ರೆ ನಾನು ಮನೆ ಬಿಟ್ಟು ಓಡ್ತಿದ್ದೆ."

ಎರಡು ವಾರದ ನಂತರ, ಒಂದು ಮಧ್ಯಾಹ್ನ, ಡಬಡಬಳ ಕಾರ್ಯಕ್ರಮ. ನಾಲ್ಕುನೂರು ಸೀಟಿನ ಹಾಲು ತುಂಬಿತ್ತು. ಚಿಕ್ಕಪ್ಪ ನಡುಮಧ್ಯ, ಎಡಕ್ಕೆ ಚಿಕ್ಕಮ್ಮ, ಬಲಕ್ಕೆ ನಾನು. ಮೊದಲ ಹಾಡು ಮೆಲ್ಲನೆಯದು, ಪಾರಾದರು. ಎರಡನೆಯದು ಶುರುವಾದದ್ದೇ ಢಮಾರ್ ಎಂದು. ಚಿಕ್ಕಪ್ಪ ಎದ್ದರು. ಹನ್ನೊಂದು ಜನರ ಮೊಣಕಾಲು ದಾಟಿ ಹೊರಗೆ ಹೋದರು. ಸ್ಟೇಜಿನಿಂದ ಅವಳು ನೋಡಿದಳು. ಬಡಿತ ತಪ್ಪಲಿಲ್ಲ, ಮುಖ ಮಾತ್ರ ಬಾಡಿತು.

ನಾನೂ ಹಿಂದೆಯೇ ಓಡಿದೆ. ಅವರು ವರಾಂಡದ ಕಂಬಕ್ಕೆ ಒರಗಿ ನಿಂತಿದ್ದರು, ಶರ್ಟೆಲ್ಲ ಬೆವರು.

"ಮನೆಗೆ ಹೋಗೋಣ್ವಾ ಚಿಕ್ಕಪ್ಪ? ಆಟೋ ಕರೀಲಾ?"

"ತಡಿ. ಉಸಿರು ಇನ್ನೂ ಲಾರಿ ಹತ್ರಾನೇ ಇದೆ. ಬರಲಿ."

ಒಳಗೆ ಎರಡನೇ ಹಾಡು ಮುಗಿಯಿತು, ಚಪ್ಪಾಳೆ ಬಿತ್ತು. ಚಿಕ್ಕಪ್ಪ ಕರವಸ್ತ್ರದಿಂದ ಮುಖ ಒರೆಸಿಕೊಂಡು, ಗೇಟಿನ ಕಡೆಗಲ್ಲ, ಬಾಗಿಲಿನ ಕಡೆಗೆ ತಿರುಗಿದರು. ಮತ್ತೆ ಅದೇ ಹನ್ನೊಂದು ಮೊಣಕಾಲು. "ಸಾರಿ, ಸಾರಿ ರೀ, ಡ್ರಮ್ಸ್ ಬಾರಿಸ್ತಿರೋಳು ನನ್ನ ಮಗಳು, ಸಾರಿ." ಕೂತರು. ಮೂರನೆಯದಕ್ಕೂ ಕೂತರು, ಆರನೆಯದಕ್ಕೂ ಕೂತರು. ಹತ್ತು ಬೆರಳಿನಿಂದ ನನ್ನ ಕೈಯನ್ನು ಪುಡಿ ಮಾಡಿದರು, ಆದರೆ ಏಳಲಿಲ್ಲ.

ಹಾಲು ಖಾಲಿಯಾದ ಮೇಲೆ ಅವಳು ಬೆವರು ಸುರಿಸುತ್ತಾ ಬಂದಳು.

"ಎರಡನೇ ಹಾಡಿಗೆ ನಿನ್ನ ಸೀಟು ಖಾಲಿ ಇತ್ತಪ್ಪ."

"ಹೂಂ. ಅದೊಂದು ತಪ್ಪಿಹೋಯ್ತು."

"ಅದೇ ನನ್ನ ಬೆಸ್ಟ್!" ಎಂದಳು ಅವಳು. "ಮೂರನೇದಕ್ಕೆ ನೋಡಿದ್ರೆ ನೀನು ಅಲ್ಲೇ ಇದೀಯ! ಲೆಕ್ಕ ತಪ್ಪಿ ಎರಡು ಸಲ ಜಾಸ್ತಿ ಬಾರಿಸಿಬಿಟ್ಟೆ, ಗಿಟಾರಿನವನು ಬೈದ."

"ಮತ್ತೆ ಈಗ ಬಾರಿಸು. ಹೇಳ್ಕೊಂಡೇ ಬಾರಿಸು, 'ಅಪ್ಪಾ, ಹೊಡೀತೀನಿ' ಅಂತ."

ಕೇಬಲ್ ಸುತ್ತುತ್ತಿದ್ದವರ ನಡುವೆ ಹಾದು ಅವಳು ಮತ್ತೆ ಡ್ರಮ್ಸ್ ಮುಂದೆ ಕೂತಳು. ಚಿಕ್ಕಪ್ಪ ಸ್ಟೇಜು ಹತ್ತಿ ಅವಳಿಂದ ಎರಡೇ ಅಡಿ ದೂರದಲ್ಲಿ ನಿಂತರು. "ಅಪ್ಪಾ, ಹೊಡೀತೀನಿ!" ಢಮಾರ್! ಅವರ ಭುಜ ಎಗರಿತು, ಕಾಲು ಅಲುಗಲಿಲ್ಲ. ಅಷ್ಟರಲ್ಲಿ ಬೀಗದ ಗೊಂಚಲು ಹಿಡಿದು ವಾಚ್‌ಮನ್ ಬಂದು, "ಟೈಮಾಯ್ತು ರೀ, ಬಾಗಿಲು ಹಾಕ್ಬೇಕು" ಎಂದು ಕೂಗಿದ.

"ಒಂದೇ ಹಾಡಣ್ಣ," ಎಂದು ಚಿಕ್ಕಪ್ಪ ಅದಕ್ಕಿಂತ ಜೋರಾಗಿ ಕೂಗಿದರು. "ಬೇಕಾದ್ರೆ ನೀನೂ ಬಾ, ಕೂತ್ಕೋ!"